ಓಕ್ಲೆಂಡ್ ತಂಡದ 2002ರ ಸಾಧನೆ: ಒಂದು ಸ್ಪಷ್ಟನೆ
ಓಕ್ಲೆಂಡ್ ಅಥ್ಲೆಟಿಕ್ಸ್ ತಂಡವು 2002ರಲ್ಲಿ ಅಲ್ಪ ವೆಚ್ಚದಲ್ಲೇ ಅಮೆರಿಕದ ಬೇಸ್‌ಬಾಲ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು, ಆದ್ದರಿಂದ ಬೇಸ್‌ಬಾಲ್‌ನಲ್ಲಿ ಹಣಕ್ಕೂ ಗೆಲುವಿಗೂ ನಂಟಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಆ ವರ್ಷದ ಚಾಂಪಿಯನ್ ಅನಾಹೈಮ್ ಏಂಜೆಲ್ಸ್. ಓಕ್ಲೆಂಡ್ ಪ್ಲೇಆಫ್‌ನ (ಲೀಗ್ ಹಂತದ ನಂತರದ ನಾಕೌಟ್ ಹಂತ) ಮೊದಲ ಸುತ್ತಿನಲ್ಲೇ ಮಿನ್ನೆಸೋಟಾ ಟ್ವಿನ್ಸ್ ತಂಡಕ್ಕೆ ಮಣಿಯಿತು.

ಆಟಗಾರರ ಒಟ್ಟು ವೇತನಕ್ಕೆ ಆ ವರ್ಷ ಸುಮಾರು 4 ಕೋಟಿ ಡಾಲರ್ ವ್ಯಯಿಸಿದ ಓಕ್ಲೆಂಡ್ ತಂಡ, ಅದರ ಮೂರು ಪಟ್ಟು ಖರ್ಚು ಮಾಡಿದ ನ್ಯೂಯಾರ್ಕ್ ಯಾಂಕೀಸ್‌ನಷ್ಟೇ, ಅಂದರೆ 103 ಲೀಗ್ ಪಂದ್ಯಗಳನ್ನು ಗೆದ್ದದ್ದು ನಿಜ, ಮೆಚ್ಚತಕ್ಕದ್ದೂ ಹೌದು. ಆದರೆ ಆರು ವರ್ಷದ ಸೇವೆ ಮುಗಿಯುವವರೆಗೆ ಆಟಗಾರನು ಮುಕ್ತ ಮಾರುಕಟ್ಟೆಗೆ ಹೋಗಿ ತನಗಿಷ್ಟದ ತಂಡ ಸೇರುವಂತಿಲ್ಲ ಎಂಬ ನಿಯಮದಿಂದಾಗಿ ಬ್ಯಾರಿ ಜಿಟೊ, ಟಿಮ್ ಹಡ್ಸನ್, ಮಾರ್ಕ್ ಮಲ್ಡರ್‌ರಂಥ ಅಪ್ರತಿಮ ಪಿಚರ್‌ಗಳು (ಚೆಂಡು ಎಸೆಯುವವರು) ಅಗ್ಗಕ್ಕೆ ದೊರೆತಿದ್ದರು ಎಂಬುದನ್ನು, ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ ಕಾರಣ, ಆ ಮಾತು ಹರಡುವವರು ಹೇಳುತ್ತಿಲ್ಲ. ಹಣವೊಂದೇ ಗೆಲುವಿನ ಖಾತರಿಯಲ್ಲ: ದಾಖಲೆಯ ವೆಚ್ಚ ಮಾಡಿಯೂ 2023ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪ್ಲೇಆಫ್ ತಲುಪಲಿಲ್ಲ. ಹಾಗೆಂದು ಹಣಕ್ಕೂ ಗೆಲುವಿಗೂ ನಂಟೇ ಇಲ್ಲವೆಂದಲ್ಲ: ಧಾರಾಳವಾಗಿ ಖರ್ಚು ಮಾಡುವ ಲಾಸ್ ಏಂಜಲೀಸ್ ಡಾಡ್ಜರ್ಸ್ 2024ರಲ್ಲಿ ಪ್ರಶಸ್ತಿಯನ್ನೇ ಗೆದ್ದಿತು.