ಚಂದನ ಬಂತೋ?

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಇನ್ನೂ ಸ್ವಲ್ಪ ಒಳಗೆ, ಅಡಿಕೆ ತೋಟದ ಮಧ್ಯೆ. ಕೇಬಲ್ಲಿನಲ್ಲಿ ಮಲಯಾಳ ಚಾನೆಲ್ ಬೇಕಾದಷ್ಟು ಉಂಟು, ಆದ್ರೆ ಅಪ್ಪನಿಗೆ ಚಂದನವೇ ಆಗ್ಬೇಕು, ಅದೂ ತಿಂಗಳ ದುಡ್ಡು ಕೊಡದೆ. "ಹಿಂದೆ ಆಂಟೆನಾ ಇದ್ದಾಗ ಯಾರಿಗೆ ದುಡ್ಡು ಕೊಡ್ತಿದ್ದೆವು?" ಅಂತ ಅವರ ಪಾಯಿಂಟು.

ನಾನು ಮಹಾ ಬುದ್ಧಿವಂತ, ಪೇಟೆಗೆ ಹೋಗಿ ಟಿವಿ ಮೇಲೆ ಇಡುವ, ಜಿರಳೆ ಮೀಸೆಯಂಥ ಆಂಟೆನಾ ತಂದೆ. ಎಂತದೂ ಬರ್ಲಿಲ್ಲ. ದೂರದರ್ಶನದ ಹಳೇ ಅನಲಾಗ್ ಟವರುಗಳು ಹೆಚ್ಚುಕಮ್ಮಿ ಎಲ್ಲಾ 2022ರ ಹೊತ್ತಿಗೇ ಬಂದ್ ಆಗಿದ್ದಾವೆ ಅಂತ ಗೊತ್ತಾದದ್ದು ಬಿಲ್ಲು ಹರಿದು ಬಿಸಾಡಿದ ಮೇಲೆ.

ಮತ್ತೆ ದೂರದರ್ಶನದ ಫ್ರೀ ಡಿಶ್ಶೇ ಗತಿ. ಡಿಶ್ಶು, ಬಾಕ್ಸು ಒಮ್ಮೆ ತಕ್ಕೊಂಡ್ರೆ ಮುಗೀತು. ಫಿಟ್ ಮಾಡುವವ "ನಾಳೆ ಬರ್ತೇನೆ" ಅಂತ ಮೂರು ನಾಳೆ ಕಳೆದ, ಹಾಗಾಗಿ ಭಾನುವಾರ ನಾನೇ ಟೆರೇಸ್ ಹತ್ತಿದೆ.

ಫ್ರೀ ಡಿಶ್ಶಿನ ಉಪಗ್ರಹ ಜಿಸ್ಯಾಟ್-15 ಇರೋದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಅಂದ್ರೆ ನಮ್ಮಿಂದ ಆಗ್ನೇಯಕ್ಕೆ, ಸುಮಾರು 64 ಡಿಗ್ರಿ ಎತ್ತರ. ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬದ ಹತ್ತಿರ ಹಿಡಿದೆ ನೋಡಿ, ಅದು ಪಶ್ಚಿಮದ ಕುಂಬಳೆಯನ್ನು ಪೂರ್ವಕ್ಕೆ ತೋರಿಸ್ತು! ಸರಿ, ಸೂರ್ಯನನ್ನೇ ನಂಬಿ ಡಿಶ್ಶನ್ನು ಮಳೆನೀರು ಹಿಡಿಯುವ ಬೋಗುಣಿ ಹಾಗೆ ಆಕಾಶಕ್ಕೆ ಅಂಗಾತ ಮಾಡಿದೆ. ಸಿಗ್ನಲ್ ಸ್ಟ್ರೆಂತ್ 70, ಕ್ವಾಲಿಟಿ ಸೊನ್ನೆ. ಹೈಸ್ಕೂಲಿನಲ್ಲಿ ಗಣಿತದ ಮಾಷ್ಟ್ರು ನನ್ನ ಬಗ್ಗೆ ಹೇಳ್ತಿದ್ದದ್ದೂ ಹೆಚ್ಚುಕಮ್ಮಿ ಇದನ್ನೇ.

ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಕೋಲು ಡಿಶ್ಶಿನ ಬುಡದಿಂದ ಹೊರಡ್ತದಲ್ಲ, ಅಂಥ ಡಿಶ್ಶು ಮದುಮಗಳ ಹಾಗೆ ತಲೆ ಬಗ್ಗಿಸಿ ನಿಂತ ಹಾಗೆ ಕಂಡ್ರೂ ನಿಜವಾಗಿ ನೋಡೋದು ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೆ, ಇದು ಗೊತ್ತಾಗ್ಲಿಕ್ಕೆ ನನಗೆ ಮಧ್ಯಾಹ್ನದ ಊಟ ಹೋಯ್ತು. ಅದು ಸರಿಮಾಡಿದ್ರೆ ಎದುರಿಗೆ ತೆಂಗಿನ ಮರ. ಗಾಳಿಗೆ ಮಡಲು ಅತ್ತ ಹೋದ್ರೆ ಕ್ವಾಲಿಟಿ 40, ಇತ್ತ ಬಂದ್ರೆ ಸೊನ್ನೆ. ಕಂಬ ಕಿತ್ತು ಹಟ್ಟಿಯ ಪಕ್ಕ ನೆಟ್ಟೆ. ಅಲ್ಲಿಂದ ನಾನು "ಚಂದನ ಬಂತೋ?" ಅಂತ ಬೊಬ್ಬೆ ಹಾಕೋದು, ಅಮ್ಮ ಜಗಲಿಯಿಂದ ಅದನ್ನೇ ಅಪ್ಪನಿಗೆ ಕೂಗೋದು, ಕಿವಿ ಮಂದದ ಅಪ್ಪ "ಯಾರು ಬಂದದ್ದು?" ಅಂತ ಕೇಳೋದು. ಅಷ್ಟರಲ್ಲಿ ದನ ವಯರಿಗೆ ಬಾಯಿ ಹಾಕ್ತು.

ಸಂಜೆ ಐದಕ್ಕೆ ಬಂತು ಮಾರಾಯ್ರೆ! ಅಪ್ಪ ಕುರ್ಚಿ ಎಳ್ಕೊಂಡು ಕೂತ್ರು. ಹತ್ತು ನಿಮಿಷಕ್ಕೆ ಧೋ ಅಂತ ಮಳೆ, ಟಿವಿಯಲ್ಲಿ "ಸಿಗ್ನಲ್ ಇಲ್ಲ". "ಹಳೇ ಆಂಟೆನಾದಲ್ಲಿ ಮಳೆ ಬಂದ್ರೂ ಅಕ್ಕಿಕಾಳು ಕಾಣ್ತಿತ್ತು" ಅಂದ್ರು ಅಪ್ಪ.

ಆಗ ಪಕ್ಕದ್ಮನೆ ಮಲಯಾಳಿ ಚೇಚಿ ಕೊಡೆ ಹಿಡ್ಕೊಂಡು ಬಂದ್ರು, ಕೈಯಲ್ಲಿ ಬಾಳೆಲೆ ತುಂಡು, ಅದರಲ್ಲಿ ದೇವಸ್ಥಾನದ ಗಂಧ. ಬೆಳಗ್ಗಿಂದ ಚಂದನ ಚಂದನ ಅಂತ ಅಷ್ಟು ಕೇಳ್ತಾ ಇದ್ದೀರಲ್ಲ, ಹಾಗೆ ತಕ್ಕೊಂಡು ಬಂದೆ ಅಂದ್ರು. ಅಪ್ಪ ಏನೂ ಮಾತಾಡದೆ ಹಣೆ ಮುಂದೆ ಮಾಡಿದ್ರು.