ಸೋತವರಿದ್ದಾರೆ, ಗೆದ್ದವರು ಯಾರೂ ಇಲ್ಲ

ಎದುರಾಳಿಗಳ ಸನ್ನೆ ಕದ್ದಿದ್ದಕ್ಕೆ ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ 2025ರ ಆಗಸ್ಟ್‌ನಲ್ಲಿ ಬಿದ್ದ ಶಿಕ್ಷೆಯ ಜಗಳ ಇನ್ನೂ ಮುಗಿದ ಹಾಗಿಲ್ಲ. ಅತಿಯಾಯಿತು ಅನ್ನುವವರು ಒಂದು ಕಡೆ. ಏನೇನೂ ಸಾಲದು ಅನ್ನುವವರು ಇನ್ನೊಂದು ಕಡೆ. ಈ ಎರಡನೆಯವರಲ್ಲಿ ಮಿಷಿಗನ್‌ನ ಹಳೇ ಎದುರಾಳಿಗಳಾದ ಒಹಾಯೊ ರಾಜ್ಯದವರು ಸ್ವಲ್ಪ ಜಾಸ್ತಿ. ನನಗಂತೂ ತೀರ್ಪು ತುಂಬಾ ಹಿಡಿಸಿತು. ಯಾರಿಗೂ ತಾಗದ ಹಾಗೆ ದೊಣ್ಣೆ ಬೀಸುವುದು ಸುಲಭವಲ್ಲ. ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಅಮೆರಿಕದ ಕಾಲೇಜು ಆಟಗಳನ್ನು ಆಳುವ ಎನ್‌ಸಿಎಎ ಸಂಸ್ಥೆಗೆ ಆ ಅಭ್ಯಾಸ ಚೆನ್ನಾಗಿದೆ.

ಕಥೆ ನಿಮಗೆ ಗೊತ್ತೇ ಇದೆ. ಕಾನರ್ ಸ್ಟಾಲಿಯನ್ಸ್ ಅಂತ ತಂಡದ ಒಬ್ಬ ನೌಕರ. ಮುಂದೆ ಎದುರಾಗಲಿರುವ ತಂಡಗಳ ಪಂದ್ಯಗಳಿಗೆ ಟಿಕೆಟ್ ಕೊಟ್ಟು ಜನರನ್ನು ಕಳಿಸುತ್ತಿದ್ದ. ಅವರು ಗ್ಯಾಲರಿಯಲ್ಲಿ ಕೂತು, ಆ ತಂಡದವರು ಮುಂದಿನ ಆಟ ಯಾವುದು ಅಂತ ತಮ್ಮ ಆಟಗಾರರಿಗೆ ತಿಳಿಸಲು ಅಂಚಿನಲ್ಲಿ ನಿಂತು ಮಾಡುವ ಕೈಸನ್ನೆಗಳನ್ನು ಫೋನಿನಲ್ಲಿ ಚಿತ್ರೀಕರಿಸಿಕೊಂಡು ಬರುತ್ತಿದ್ದರು. ಗುಟ್ಟು ಬಯಲಾದಾಗ ಅವನು ತನ್ನ ಫೋನನ್ನು ತೆಗೆದುಕೊಂಡು ಹೋಗಿ ಕೊಳಕ್ಕೆ ಎಸೆದ. ಮಧ್ಯೆ 2023ರ ಸೀಸನ್‌ನಲ್ಲಿ ಮಿಷಿಗನ್ ಹದಿನೈದಕ್ಕೆ ಹದಿನೈದೂ ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು.

ಈ ಕಳ್ಳತನದ ನಿಯಮವೂ ಒಂದು ಚಂದ. ಪಂದ್ಯ ನಡೆಯುವಾಗ ಎದುರಿನವರ ಸನ್ನೆ ನೋಡಿ ಅರ್ಥ ಮಾಡಿಕೊಂಡರೆ ತಪ್ಪಿಲ್ಲ. ಟಿವಿಯಲ್ಲಿ ನೋಡಿ ಕಲಿತರೂ ತಪ್ಪಿಲ್ಲ. ಟಿಕೆಟ್ ಕೊಂಡು, ಸಾಲಿನಲ್ಲಿ ನಿಂತು, ಸ್ಟೇಡಿಯಂ ಒಳಗೆ ಹೋಗಿ ನೋಡಿದರೆ ಮಾತ್ರ ಮಹಾಪಾಪ. 1994ರಲ್ಲಿ ಇದನ್ನು ತಂದಿದ್ದು ಖರ್ಚು ಉಳಿಸಲು. ಬಡ ಕಾಲೇಜುಗಳಿಗೆ ಊರೂರು ಜನ ಕಳಿಸುವ ಭಾರ ಬೀಳದಿರಲಿ ಅಂತ. ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುವ ಸ್ಟೇಡಿಯಂ ಕಟ್ಟಿಕೊಂಡ ಮಿಷಿಗನ್ ಸಿಕ್ಕಿಬಿದ್ದಿದ್ದು ಈ ಮಿತವ್ಯಯದ ನಿಯಮದಲ್ಲಿ!

ಸರಿ, ಶಿಕ್ಷೆ ಏನು? ಸಮಿತಿ ಹೇಳಿದ್ದು ಇಷ್ಟು: ನ್ಯಾಯವಾಗಿ ನಿಮಗೆ ಸೀಸನ್ ನಂತರದ ದೊಡ್ಡ ಪಂದ್ಯಗಳಿಂದ ನಿಷೇಧ ಹಾಕಬೇಕಿತ್ತು, ಆದರೆ ಈಗಿನ ಹುಡುಗರದ್ದು ಏನೂ ತಪ್ಪಿಲ್ಲ, ಆದ್ದರಿಂದ ದುಡ್ಡು ಕಟ್ಟಿ. 50 ಸಾವಿರ ಡಾಲರ್, ಫುಟ್‌ಬಾಲ್ ಬಜೆಟ್ಟಿನ ಶೇ 10, ಜೊತೆಗೆ ಆ ದೊಡ್ಡ ಪಂದ್ಯಗಳಿಂದ ಎರಡು ವರ್ಷ ಬರುವ ಆದಾಯ. ಎಲ್ಲ ಸೇರಿದರೆ 2 ಕೋಟಿ ಡಾಲರ್ ದಾಟುತ್ತದೆ ಅಂತ ಆಗ ಪತ್ರಿಕೆಗಳು ಅಂದಾಜು ಹಾಕಿದ್ದವು. ಚಾಂಪಿಯನ್ ಪಟ್ಟ ಮಾತ್ರ ಅವರ ಬಳಿಯೇ ಇರಲಿ. ದರಪಟ್ಟಿ ಹೊರಗೆ ಬಂದ ಹಾಗಾಯಿತು, ಅಲ್ವಾ? ಒಂದು ಪಟ್ಟಕ್ಕೆ ಇಷ್ಟು ಅಂತ ತಿಳಿದರೆ, ಮೊದಲೇ ಎತ್ತಿಡುವ ಶಕ್ತಿ ಇರುವ ಕಾಲೇಜುಗಳು ಬೇಕಾದಷ್ಟಿವೆ.

ಕೋಚ್ ಜಿಮ್ ಹಾರ್ಬಾ ಕಥೆ ಇನ್ನೂ ಸೊಗಸು. ಅವರು 2024ರ ಜನವರಿಯಲ್ಲೇ ಪಟ್ಟ ಗೆದ್ದು, ಲಾಸ್ ಏಂಜಲೀಸ್ ಚಾರ್ಜರ್ಸ್ ಅನ್ನುವ ವೃತ್ತಿಪರ ತಂಡ ಸೇರಿಬಿಟ್ಟರು. ಈಗ ಅವರಿಗೆ ಹತ್ತು ವರ್ಷದ ಶಿಕ್ಷೆ. ಕಾಲೇಜುಗಳು ಅವರನ್ನು ಕೋಚ್ ಮಾಡಿಕೊಳ್ಳುವ ಹಾಗಿಲ್ಲ. ಕಾಲೇಜು ಬಿಟ್ಟು ಹೋದವರಿಗೆ ಕಾಲೇಜಿಗೆ ಬರಬೇಡ ಅಂತ ಶಿಕ್ಷೆ. ಅದೂ ಈಗಲೇ ಶುರುವಾಗುವುದಿಲ್ಲ. ಹಳೆಯ ಕೇಸಿನ ನಾಲ್ಕು ವರ್ಷದ ಶಿಕ್ಷೆ 2028ರಲ್ಲಿ ಮುಗಿಯಬೇಕು, ಆಮೇಲೆ ಇದು. ಮುಗಿಯುವುದು 2038ರಲ್ಲಿ. ಆಗ ಅವರಿಗೆ 74 ವರ್ಷ.

ಆ ಹಳೆಯ ಕೇಸು ಯಾವುದು? ಕೊರೋನಾ ಸಮಯದಲ್ಲಿ, ತಂಡಕ್ಕೆ ಸೇರಿಸಿಕೊಳ್ಳಬೇಕು ಅಂದುಕೊಂಡ ಹೊಸ ಹುಡುಗರನ್ನು ಭೇಟಿ ಮಾಡಬಾರದು ಅನ್ನುವ ನಿಯಮ ಇತ್ತು. ಹಾರ್ಬಾ ಭೇಟಿ ಮಾಡಿದರು, ಬರ್ಗರ್ ಕೊಡಿಸಿದರು. ವಿಚಾರಣೆಯಲ್ಲಿ ಅವರು ಹೇಳಿದ್ದು ಸುಳ್ಳು ಅಂತ ಸಮಿತಿ ತೀರ್ಮಾನಿಸಿತು. ಬರ್ಗರ್ ಪ್ರಕರಣಕ್ಕೆ 2023ರಲ್ಲಿ ಅವರನ್ನು ಮೂರು ಪಂದ್ಯ ಹೊರಗಿಟ್ಟಿದ್ದರು. ಅದೇ ವರ್ಷ ಸನ್ನೆ ಕಳ್ಳತನಕ್ಕೆ ಇನ್ನೂ ಮೂರು. ಕೋಚ್ ಇಲ್ಲದ ಆ ಆರು ಪಂದ್ಯವನ್ನೂ ತಂಡ ಗೆದ್ದಿತು. ಶಿಕ್ಷೆ ಕೋಚಿಗೋ, ಕೋಚಿನ ಸಂಬಳಕ್ಕೆ ಇರುವ ಸಮರ್ಥನೆಗೋ ಅನ್ನುವುದು ನನಗೆ ಇನ್ನೂ ಬಗೆಹರಿದಿಲ್ಲ.

ಊಟದ ವಿಷಯ ಬಂತು ನೋಡಿ, ಹೇಳದೆ ಮುಂದೆ ಹೋಗಲಾರೆ. ಎನ್‌ಸಿಎಎ ತುಂಬಾ ವರ್ಷ ಕಾಲೇಜು ಆಟಗಾರರ ತಟ್ಟೆಯ ಮೇಲೆ ಕಣ್ಣಿಟ್ಟು ಕೂತಿತ್ತು. ಊಟದ ಹೊತ್ತು ಬಿಟ್ಟು ತಂಡದವರು ಹುಡುಗರಿಗೆ ಬೇಗಲ್ ಕೊಡಬಹುದಿತ್ತು. ಬೇಗಲ್ ಅಂದರೆ ಗುಂಡಗೆ, ನಡುವೆ ತೂತಿರುವ ಬ್ರೆಡ್ಡು. ಅದಕ್ಕೆ ಕ್ರೀಮ್ ಚೀಸ್ ಸವರಿದರೆ ಮಾತ್ರ ಅದು ತಿಂಡಿಯಲ್ಲ, ಊಟ. ನಿಯಮ ಮುರಿದ ಹಾಗೆ. ಇದನ್ನು ಕೂತು ಚರ್ಚಿಸಿ ಬರೆದಿದ್ದು ದೊಡ್ಡವರು, ಕೋಟು ಹಾಕಿಕೊಂಡವರು. ಚಾಕು ಬ್ರೆಡ್ಡಿಗೆ ತಾಗಿತೋ ಇಲ್ಲವೋ ಅಂತ ನೋಡಲು ಒಬ್ಬ ಅಧಿಕಾರಿ ಬೇಡವೇ?

2014ರಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯ ತಾನಾಗಿ ಬಂದು ತಪ್ಪೊಪ್ಪಿಕೊಂಡಿತು. ಪದವಿ ಸಮಾರಂಭದ ಊಟದಲ್ಲಿ ನಮ್ಮ ಮೂವರು ಹುಡುಗರು ಮಿತಿಗಿಂತ ಜಾಸ್ತಿ ಪಾಸ್ತಾ ತಿಂದುಬಿಟ್ಟರು ಅಂತ. ಪ್ರಾಯಶ್ಚಿತ್ತವಾಗಿ ತಲಾ 3 ಡಾಲರ್ 83 ಸೆಂಟ್ ದಾನ ಮಾಡಿಸಿದರು. ಎಂಬತ್ತಮೂರು ಸೆಂಟ್! ಯಾರೋ ಪುಣ್ಯಾತ್ಮ ಕೂತು ಪಾಸ್ತಾ ಲೆಕ್ಕ ಹಾಕಿರಬೇಕು. ಅದೇ ವರ್ಷ ಏಪ್ರಿಲ್‌ನಲ್ಲಿ ಬಾಸ್ಕೆಟ್‌ಬಾಲ್ ಚಾಂಪಿಯನ್ ತಂಡದ ಶಬಾಜ್ ನೇಪಿಯರ್, ಎಷ್ಟೋ ರಾತ್ರಿ ಹಸಿದುಕೊಂಡೇ ಮಲಗುತ್ತೇನೆ ಅಂತ ಪತ್ರಕರ್ತರ ಮುಂದೆ ಹೇಳಿದ. ದೇಶವೆಲ್ಲ ಛೀ ಅಂದಿತು. ತಿಂಗಳು ಕಳೆಯುವುದರೊಳಗೆ ಊಟದ ಮಿತಿಯನ್ನು ತೆಗೆದು ಹಾಕಿದರು. ಅಂದರೆ ತೆಗೆಯಲು ಸಾಧ್ಯ ಇತ್ತು. ಸುಮ್ನೆ ತೆಗೆದಿರಲಿಲ್ಲ.

ಈಗ ನನಗೆ ಅತಿ ಪ್ರಿಯವಾದ ಶಿಕ್ಷೆಗೆ ಬರುತ್ತೇನೆ: ಗೆಲುವು ಅಳಿಸುವುದು. ಇದರಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಗೆಲುವು ಅಳಿಸಿದರೆ ಎದುರಾಳಿಗೆ ಅದು ಸಿಗುವುದಿಲ್ಲ. ಅವರು ಸೋತವರಾಗಿಯೇ ಉಳಿಯುತ್ತಾರೆ. ಕ್ಯಾಲಿಫೋರ್ನಿಯಾದ ಯುಎಸ್‌ಸಿ ವಿಶ್ವವಿದ್ಯಾಲಯ 2005ರ ಜನವರಿಯಲ್ಲಿ ಒಕ್ಲಹೋಮವನ್ನು 55–19ರಿಂದ ಬಡಿದು ರಾಷ್ಟ್ರೀಯ ಪಟ್ಟ ಗೆದ್ದಿತು. ಆಮೇಲೆ ಆ ಗೆಲುವನ್ನೂ ಪಟ್ಟವನ್ನೂ ದಾಖಲೆಯಿಂದ ತೆಗೆದರು. ಒಕ್ಲಹೋಮ ಮಾತ್ರ ಇವತ್ತಿಗೂ ಆ ಪಂದ್ಯ ಸೋತಿದೆ. ಯಾರ ಕೈಲಿ ಸೋತಿತು ಅಂತ ಕೇಳಬೇಡಿ. ವೇದಾಂತ ಓದಿದವರಿಗೆ ಅರ್ಥವಾಗಬಹುದು.

ಯುಎಸ್‌ಸಿ ಮಾಡಿದ ತಪ್ಪೇನು? ಕಾಲೇಜು ಆಟಗಾರರು ಆಟದಿಂದ ದುಡ್ಡು ಮುಟ್ಟಬಾರದು ಅನ್ನುವ ಕಾಲ ಅದು. ಚೆಂಡು ಹಿಡಿದು ಓಡುವ ರೆಜಿ ಬುಷ್ ಅನ್ನುವ ಆಟಗಾರನ ಮನೆಯವರಿಗೆ ಏಜೆಂಟರಾಗಲು ಹೊರಟವರು ದುಡ್ಡು ಕೊಟ್ಟರು, ಇರಲು ಮನೆ ಕೊಟ್ಟರು. ಬುಷ್ ಆಡಿದ್ದು 2005ರವರೆಗೆ. ಶಿಕ್ಷೆ ಬಂದಿದ್ದು 2010ರಲ್ಲಿ. ದೊಡ್ಡ ಪಂದ್ಯಗಳಿಂದ ಎರಡು ವರ್ಷ ನಿಷೇಧ, 30 ಸ್ಕಾಲರ್‌ಶಿಪ್ ಕಡಿತ. ಆ ವರ್ಷ ಕಾಲೇಜು ಸೇರಿದ ಹುಡುಗ, ಬುಷ್ ಓಡುವಾಗ ಏಳನೇ ಕ್ಲಾಸಿನ ಆಸುಪಾಸಿನಲ್ಲಿ ಇದ್ದಿರಬೇಕು. ಕೋಚ್ ಪೀಟ್ ಕ್ಯಾರಲ್ ಅಷ್ಟರಲ್ಲಿ ಸಿಯಾಟಲ್‌ನ ವೃತ್ತಿಪರ ತಂಡಕ್ಕೆ ಹೊರಟುಹೋಗಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇಲ್ಲಿ ಎತ್ತು ಆಗಲೇ ಬೇರೆ ಕೊಟ್ಟಿಗೆಯಲ್ಲಿ ಒಳ್ಳೆ ಮೇವು ತಿನ್ನುತ್ತಿತ್ತು. ನಾಲ್ಕು ವರ್ಷದ ಮೇಲೆ ವೃತ್ತಿಪರ ಲೀಗಿನ ಫೈನಲ್ ಆದ ಸೂಪರ್ ಬೌಲನ್ನೂ ಗೆದ್ದಿತು.

ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯನ್ನು ಬುಷ್ ಬಿಟ್ಟುಕೊಟ್ಟ. 2024ರಲ್ಲಿ ಅದನ್ನು ಅವನಿಗೇ ವಾಪಸ್ ಕೊಟ್ಟರು. ಯಾಕೆಂದರೆ 2021ರಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡಿಕೊಳ್ಳಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಂಚಬಹುದು, ಮೊದಲ ವರ್ಷದ ಮಿತಿ 2 ಕೋಟಿ 5 ಲಕ್ಷ ಡಾಲರ್. ಹಿಂದೆ ಕವರಿನಲ್ಲಿಟ್ಟು ಕೊಟ್ಟರೆ ಅಪರಾಧ, ಈಗ ಚೆಕ್ ಬರೆದು ಕೊಟ್ಟರೆ ನಿಯಮ.

ಕವರಿನಲ್ಲಿಟ್ಟು ಕೊಟ್ಟವರ ಪಟ್ಟಿಯಲ್ಲಿ ಡಲ್ಲಾಸ್‌ನ ಎಸ್‌ಎಂಯು ವಿಶ್ವವಿದ್ಯಾಲಯ ಮೊದಲು ಬರುತ್ತದೆ. 1987ರಲ್ಲಿ ಅದಕ್ಕೆ ಮರಣದಂಡನೆ ಅಂತಲೇ ಹೆಸರಾದ ಶಿಕ್ಷೆ ಬಿತ್ತು. ಇಡೀ ಸೀಸನ್ ರದ್ದು. ಮುಂದಿನ ವರ್ಷ ಕಾಲೇಜೇ ಆಡುವುದಿಲ್ಲ ಅಂದಿತು. 13 ಹುಡುಗರಿಗೆ ಒಟ್ಟು 61 ಸಾವಿರ ಡಾಲರ್ ಕೊಟ್ಟಿದ್ದಕ್ಕೆ ಇದು. ಹಿಂದಿನ ಶಿಕ್ಷೆ ಇನ್ನೂ ನಡೆಯುತ್ತಿದ್ದಾಗಲೇ ಕೊಟ್ಟಿದ್ದರು, ಆದ್ದರಿಂದ ಅಮಾಯಕರು ಅಂತ ನಾನೂ ಹೇಳುವುದಿಲ್ಲ. ಕೊಡುವುದನ್ನು ಮುಂದುವರಿಸಿ ಅಂತ ಒಪ್ಪಿಗೆ ಕೊಟ್ಟವರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಬಿಲ್ ಕ್ಲೆಮೆಂಟ್ಸ್ ಕೂಡ ಇದ್ದರು. ಹುಡುಗರಿಗೆ ಮಾತು ಕೊಟ್ಟಾಗಿದೆ, ತಪ್ಪಬಾರದು ಅನ್ನುವ ವಾದ. ವಿಷಯ ಹೊರಬಂದಾಗ ಅವರು ಟೆಕ್ಸಸ್ ರಾಜ್ಯದ ಗವರ್ನರ್. ತಾವೇ ಒಪ್ಪಿಕೊಂಡರು. ತಂಡ ಸತ್ತಿತು, ಗವರ್ನರ್ ಅವಧಿ ಪೂರ್ತಿ ಮಾಡಿದರು. ಎಸ್‌ಎಂಯು ಮತ್ತೆ ಒಂದು ಬೌಲ್ ಪಂದ್ಯ, ಅಂದರೆ ಸೀಸನ್ ನಂತರದ ದೊಡ್ಡ ಪಂದ್ಯ, ಆಡಲು 2009 ಬರಬೇಕಾಯಿತು. 2023ರಲ್ಲಿ ಅದೇ ಕಾಲೇಜು ದೊಡ್ಡ ಲೀಗಿಗೆ ಸೇರಲು ಒಂದೇ ವಾರದಲ್ಲಿ ದಾನಿಗಳಿಂದ 10 ಕೋಟಿ ಡಾಲರ್ ಎತ್ತಿತು. ಈ ಸಲ ಎಲ್ಲರೂ ಚಪ್ಪಾಳೆ ತಟ್ಟಿದರು.

ಇಷ್ಟು ಹೊತ್ತು ನಕ್ಕಿದ್ದಾಯಿತು. ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ವಿಷಯದಲ್ಲಿ ನನಗೆ ನಗು ಬರುವುದಿಲ್ಲ.

ಜೆರ್ರಿ ಸ್ಯಾಂಡಸ್ಕಿ ಅಲ್ಲಿ ದೀರ್ಘಕಾಲ ಸಹಾಯಕ ಕೋಚ್ ಆಗಿದ್ದವನು. ನಿವೃತ್ತಿಯ ಮೇಲೂ ಅಲ್ಲೇ ಓಡಾಡಿಕೊಂಡಿದ್ದ. 2012ರಲ್ಲಿ, ಗಂಡುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಸಂಬಂಧಿಸಿದ 45 ಆರೋಪಗಳಲ್ಲಿ ಅವನು ಅಪರಾಧಿ ಅಂತ ಜ್ಯೂರಿ ಹೇಳಿತು. 2001ರಲ್ಲೇ ತಂಡದ ಬಚ್ಚಲಲ್ಲಿ ಅವನನ್ನು ಒಂದು ಮಗುವಿನ ಜೊತೆ ಕಂಡ ಸಹಾಯಕನೊಬ್ಬ ಮುಖ್ಯ ಕೋಚ್ ಜೋ ಪಟರ್ನೋಗೆ ಹೇಳಿದ್ದ. ಪಟರ್ನೋ ಮೇಲಿನವರಿಗೆ ಹೇಳಿದರು. ಮೇಲಿನವರು ಅವರಿಗಿಂತ ಮೇಲಿನವರಿಗೆ ಹೇಳಿದರು. ಪೊಲೀಸರಿಗೆ ಯಾರೂ ಹೇಳಲಿಲ್ಲ. ಹತ್ತು ವರ್ಷ.

2011ರ ನವೆಂಬರ್‌ನಲ್ಲಿ ಪಟರ್ನೋರನ್ನು ಕೆಲಸದಿಂದ ತೆಗೆದ ರಾತ್ರಿ ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದರು, ಟಿವಿಯವರ ವ್ಯಾನ್ ಒಂದನ್ನು ಉರುಳಿಸಿದರು. ಮಕ್ಕಳಿಗಾಗಿ ಅಲ್ಲ, ಕೋಚಿಗಾಗಿ.

ಎನ್‌ಸಿಎಎ 2012ರ ಜುಲೈನಲ್ಲಿ ಬಂತು. 6 ಕೋಟಿ ಡಾಲರ್ ದಂಡ, ನಾಲ್ಕು ವರ್ಷ ದೊಡ್ಡ ಪಂದ್ಯ ಇಲ್ಲ, ಸ್ಕಾಲರ್‌ಶಿಪ್ ಕಡಿತ, 1998ರಿಂದ 2011ರವರೆಗಿನ 112 ಗೆಲುವು ರದ್ದು. ಅದರಲ್ಲಿ 111 ಪಟರ್ನೋ ಅವರದು, ಅವರ ಗೆಲುವಿನ ಲೆಕ್ಕ 409ರಿಂದ 298ಕ್ಕೆ ಇಳಿಯಿತು. ಅಷ್ಟರಲ್ಲಿ ಅವರು ತೀರಿಕೊಂಡು ಆರು ತಿಂಗಳಾಗಿತ್ತು. ಆಮೇಲೆ ಏನಾಯಿತು? ರಾಜ್ಯದ ಸೆನೆಟರ್ ಒಬ್ಬರು ಕೋರ್ಟಿಗೆ ಹೋದರು. ಎನ್‌ಸಿಎಎ ಒಳಗಿನ ಇಮೇಲುಗಳು ಹೊರಬಂದವು. ಇಂಥ ಶಿಕ್ಷೆ ಕೊಡಲು ನಮಗೆ ಅಧಿಕಾರ ಇದೆಯೋ ಇಲ್ಲವೋ, ಬರೀ ಹೆದರಿಸುತ್ತಿದ್ದೇವೆ ಅನ್ನುವ ಮಾತು ಅದರಲ್ಲಿತ್ತು. 2015ರ ಜನವರಿಯಲ್ಲಿ ರಾಜಿ ಮಾಡಿಕೊಂಡು 112 ಗೆಲುವನ್ನೂ ವಾಪಸ್ ಕೊಟ್ಟರು. ಪಟರ್ನೋ ಮತ್ತೆ 409. ಅಭಿಮಾನಿಗಳು ಹಬ್ಬ ಮಾಡಿದರು.

ಮಕ್ಕಳ ಮೇಲೆ ನಡೆದ ಅನ್ಯಾಯವನ್ನು ಗೆಲುವಿನ ಪಟ್ಟಿಯಲ್ಲಿ ಕಳೆಯುವುದು, ಆಮೇಲೆ ಕೂಡಿಸುವುದು. ಇದು ಯಾವ ಊರಿನ ಲೆಕ್ಕ? ಅತಿಯಾಯಿತೋ ಕಡಿಮೆಯಾಯಿತೋ ಅಂತ ವರ್ಷಗಟ್ಟಲೆ ಟಿವಿಯಲ್ಲಿ ಕೂತು ಮಾತಾಡಿದರು. ಯಾರ ಬಗ್ಗೆ? ತಂಡದ ಬಗ್ಗೆ. ಬಾಯಿ ಮುಚ್ಚಿಕೊಂಡಿದ್ದ ವಿಶ್ವವಿದ್ಯಾಲಯದ ಅಧ್ಯಕ್ಷ ಮತ್ತು ಇಬ್ಬರು ದೊಡ್ಡ ಅಧಿಕಾರಿಗಳಿಗೆ ಕೊನೆಗೆ ಸಿಕ್ಕ ಜೈಲು ಎಷ್ಟು ಗೊತ್ತಾ? ಎರಡು ಮೂರು ತಿಂಗಳು. ಅದನ್ನು ಕೊಟ್ಟಿದ್ದೂ ಕೋರ್ಟು, ಎನ್‌ಸಿಎಎ ಅಲ್ಲ. 2012ರಲ್ಲಿ ಆ ಜರ್ಸಿ ಹಾಕಿಕೊಂಡು ಆಡಿದ ಹುಡುಗರು ಬಚ್ಚಲಿನ ಆ ರಾತ್ರಿ ಪ್ರೈಮರಿ ಶಾಲೆಯಲ್ಲಿದ್ದವರು. ದಂಡದ ಆ 6 ಕೋಟಿ ಡಾಲರ್ ಪೆನ್ಸಿಲ್ವೇನಿಯಾದಲ್ಲೇ ಮಕ್ಕಳ ರಕ್ಷಣೆಗೆ ಖರ್ಚಾಗಲಿ ಅಂತ ರಾಜಿಯಲ್ಲಿ ಬರೆದರು. ಇಡೀ ಪ್ರಕರಣದಲ್ಲಿ ತಂಡದ ಶಿಕ್ಷೆ ಅಂತ ಮಾಡಿದ ಕೆಲಸಗಳಲ್ಲಿ ನನಗೆ ನ್ಯಾಯ ಅನ್ನಿಸಿದ್ದು ಅದೊಂದೇ.

ಹಾಗಾಗಿ ಕಠಿಣ ಶಿಕ್ಷೆ ಬೇಡ ಅಂತ ನಾನು ಹೇಳುವುದಿಲ್ಲ. ಜೋರಾಗಿ ಕೊಡಿ. ಸರಿಯಾದವರ ಮನೆ ಬಾಗಿಲು ಹುಡುಕಿ ಕೊಡಿ. ಕೋಚಿನ ಬೋನಸ್ ವಾಪಸ್ ತರಿಸಿ. ಅವನು ವೃತ್ತಿಪರ ತಂಡಕ್ಕೆ ಹಾರಿದರೆ ಶಿಕ್ಷೆಯೂ ಜೊತೆಗೇ ಹೋಗುವ ಹಾಗೆ ಮಾಡಿ. ಕಣ್ಣು ಮುಚ್ಚಿಕೊಂಡ ಅಧ್ಯಕ್ಷನ ಪೆನ್ಷನ್ ಮುಟ್ಟಿ. ಇದು ಆಗುವುದಿಲ್ಲ ಅಂತ ನನಗೂ ಗೊತ್ತು. ಎನ್‌ಸಿಎಎ ಕೈ ವೃತ್ತಿಪರ ಲೀಗಿನವರೆಗೆ ಚಾಚುವುದಿಲ್ಲ. ಕಾಲೇಜುಗಳ ಅಧ್ಯಕ್ಷರೇ ಸೇರಿ ನಡೆಸುವ ಸಂಸ್ಥೆ ಅದು. ಅವರು ತಮ್ಮ ಪೆನ್ಷನ್ ಮುಟ್ಟುವ ನಿಯಮ ಬರೆಯಲಿ ಅಂದರೆ ಹೇಗೆ?

ಈಗ ಆ ಸಂಸ್ಥೆ ವಾಷಿಂಗ್ಟನ್‌ನಲ್ಲಿ ಸಂಸದರ ಬಾಗಿಲು ತಟ್ಟುತ್ತಿದೆ. ನಮ್ಮ ನಿಯಮಗಳನ್ನು ಯಾರೂ ಕೋರ್ಟಿಗೆ ಎಳೆಯದ ಹಾಗೆ ಒಂದು ಕಾನೂನು ಮಾಡಿಕೊಡಿ ಅಂತ. ಅಲ್ಲಿ ವಿಷಯ ಗೊತ್ತಿರುವವರಿಗೇನೂ ಕೊರತೆ ಇಲ್ಲ. 2021ರಲ್ಲಿ ಅಲಬಾಮಾದಿಂದ ಸೆನೆಟರ್ ಆದ ಟಾಮಿ ಟ್ಯೂಬರ್‌ವಿಲ್ ಅದಕ್ಕೆ ಮೊದಲು ಏನು ಮಾಡುತ್ತಿದ್ದರು ಅಂದುಕೊಂಡಿರಿ? ಕಾಲೇಜು ಫುಟ್‌ಬಾಲ್ ಕೋಚ್.