ಚಕ್ಕರ್ ಹೊಡೆದವನಿಗೆ ಸಮನ್ಸ್

ಅಮೆರಿಕದ ಹಲವು ರಾಜ್ಯಗಳಲ್ಲಿ ಶಾಲೆಗೆ ಚಕ್ಕರ್ ಹೊಡೆಯುವ, ಮನೆ ಬಿಟ್ಟು ಓಡುವ, ರಾತ್ರಿ ಹೊತ್ತು ಮೀರಿ ತಿರುಗುವ, ಹೆತ್ತವರ ಮಾತು ಕೇಳದ ಮಕ್ಕಳು ಬಾಲನ್ಯಾಯಾಲಯದ ಮುಂದೆ ನಿಲ್ಲಬೇಕಾಗುತ್ತದೆ. ಇದನ್ನೆಲ್ಲ ಅವರಪ್ಪ ಮಾಡಿದರೆ ಯಾರೂ ಕೇಳುವುದಿಲ್ಲ. ಇಂಥ ಮಕ್ಕಳನ್ನು ಕೂಡಿಹಾಕಬೇಡಿ ಎಂದು 1974ರ ಕಾನೂನು ಹೇಳಿತು. ಕೂಡಿಹಾಕದೆ ಕೈ ತುರಿಸಿತೋ ಏನೋ, 1980ರಲ್ಲಿ ಅದಕ್ಕೊಂದು ಕಿಂಡಿ ಕೊರೆದರು. ನ್ಯಾಯಾಧೀಶರು ಮೊದಲು 'ಶಾಲೆಗೆ ಹೋಗು' ಎಂದು ಆದೇಶ ಬರೆಯುತ್ತಾರೆ. ಹುಡುಗ ಹೋಗಲಿಲ್ಲ ಎನ್ನಿ, ಆಗ ಅವನು ತಪ್ಪಿಸಿದ್ದು ಶಾಲೆಯನ್ನಲ್ಲ, ಮೀರಿದ್ದು ಕೋರ್ಟಿನ ಆದೇಶವನ್ನು! ಒಳಗೆ ಹಾಕಬಹುದು. 2018ರ ತಿದ್ದುಪಡಿ ಅದಕ್ಕೆ ಏಳು ದಿನದ ಮಿತಿ ಹಾಕಿತು. ಒಂದು ದಿನ ಶಾಲೆ ತಪ್ಪಿಸಿದವನಿಗೆ ಸರ್ಕಾರದ ಖರ್ಚಿನಲ್ಲಿ ಇನ್ನೇಳು ದಿನ ತಪ್ಪಿಸುವ ಭಾಗ್ಯ.

ನಮ್ಮ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇದೆಲ್ಲ ಅಪರಾಧವಲ್ಲ. ಮನೆ ಬಿಟ್ಟು ಓಡಿಬಂದು ಬಂಗಾರಪೇಟೆ ಜಂಕ್ಷನ್ನಿನಲ್ಲಿ ಸಿಕ್ಕ ಹುಡುಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುತ್ತಾಳೆ, ಅಲ್ಲಿಂದ ಬೇಕೆಂದರೆ ಬಾಲಮಂದಿರಕ್ಕೆ. ಅಪರಾಧವಿಲ್ಲ, ಗೇಟಿಗೆ ಬೀಗ ಉಂಟು. ಅದನ್ನು ರಕ್ಷಣೆ ಅನ್ನುತ್ತೇವೆ. ಮದುವೆ ಗೊತ್ತುಮಾಡಿ ಅವಳು ಓಡುವಂತೆ ಮಾಡಿದವರು ಮನೆಯಲ್ಲೇ ಕ್ಷೇಮ.

ಕೋಲಾರದ ನಮ್ಮ ನಿವೃತ್ತ ಮೇಷ್ಟ್ರಿಗೆ ಇಷ್ಟು ಸಾಲದು. "ಅಮೆರಿಕದ ಕಾನೂನೇ ಬರಬೇಕು ಕಣ್ರೀ. ಭಯ ಇರಬೇಕು ಹುಡುಗರಿಗೆ!"

ಬರಲಿ. ಶ್ರೀನಿವಾಸಪುರದ ಕಡೆ ಶಾಲೆ ಬಾಗಿಲು ತೆಗೆಯುವುದೂ ಮಾವಿನ ಕಾಯಿ ಕೀಳುವುದೂ ಒಂದೇ ಕಾಲಕ್ಕೆ. ಕಾಯಿ ಆಯಲು ಹೋದ ಅರ್ಧ ತರಗತಿ ಕಟಕಟೆಯಲ್ಲಿ ನಿಲ್ಲಲಿ, ಕೂಲಿಗೆ ಕರೆದ ತೋಟದ ಯಜಮಾನರು ಸಾಕ್ಷಿ ಹೇಳಲಿ. ಬಸ್ಸು ಬರದೆ ಶಾಲೆ ತಪ್ಪಿದವರಿಗೂ ಸಮನ್ಸ್ ಹೋಗಲಿ. ಬಸ್ಸಿಗೆ ಬೇಡ, ಅದಕ್ಕೆ ಹದಿನೆಂಟು ತುಂಬಿ ಎಷ್ಟೋ ವರ್ಷವಾಯಿತು. ಕರಗದ ರಾತ್ರಿಯಂತೂ ಪೊಲೀಸರಿಗೆ ಹಬ್ಬ: ಊರಿನ ಮಕ್ಕಳೆಲ್ಲ ಬೀದಿಯಲ್ಲಿ, ಎತ್ತಿ ಹಾಕಿಕೊಳ್ಳಲು ವ್ಯಾನು ಸಾಲದು.

ಟೀ ಅಂಗಡಿಯಲ್ಲಿ ಮೇಷ್ಟ್ರು ಇದನ್ನೆಲ್ಲ ಒಪ್ಪಿ ತಲೆಯಾಡಿಸುತ್ತಿದ್ದರು. ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆ. ಲೋಟ ತೊಳೆಯುತ್ತಿದ್ದ ಹುಡುಗನಿಗೆ ಹನ್ನೆರಡಿರಬಹುದು.

"ಸಾ, ನೀವು ನಮ್ಮೂರ ಸ್ಕೂಲಲ್ಲಿದ್ದಾಗ ವಾರಕ್ಕೆರಡು ದಿನ ಬರ್ತಿದ್ರಂತೆ, ನಮ್ಮಣ್ಣ ಹೇಳ್ತಿದ್ದ."

"ಲೇ, ಅದು ಓಓಡಿ ಕಣೋ, ಬೇರೆ ಕಡೆ ಸರ್ಕಾರಿ ಡ್ಯೂಟಿ! ಗಣತಿ, ಎಲೆಕ್ಷನ್ನು, ಮೀಟಿಂಗು... ನಿಂಗೇನ್ ಗೊತ್ತು? ಮೊದ್ಲು ಇನ್ನೆರಡು ಟೀ ತಗೊಂಬಾ, ಸಕ್ರೆ ಕಮ್ಮಿ."